ತಾಳೆ

ಸಾಗರದ ಸಮಿತಿಯವರು ಫೋನು ಮಾಡಿದ್ದರು:
"ಎಪ್ಪತ್ತೈದು ವರ್ಷದ ನೆನಪಿನ ಸಭೆ, ಟೀಚರೇ.
ನಿಮ್ಮಜ್ಜ ಜೈಲಿಗೆ ಹೋದವರಲ್ಲವೇ,
ಆ ಕಾಲದ ಕೊಳಗ ಒಂದಿದ್ದರೆ ತನ್ನಿ,
ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ."

ಅಟ್ಟ ಹತ್ತಿದೆ.
ತೂತುಬಿದ್ದ ಲಾಟೀನು, ಇಲಿ ಕಡಿದ ಕಂಬಳಿ,
ಏಳನೇ ನಮೂನೆಯ ಅರ್ಜಿಯ ನಕಲು,
ಕೆಳಗೆ ಅಜ್ಜ ಬೂದ್ಯಪ್ಪನ ಹೆಬ್ಬೆಟ್ಟು,
ಒಂದೊಂದು ಗೆರೆಯೂ ಉತ್ತ ಗದ್ದೆಯ ಹಾಗೆ ಸ್ಪಷ್ಟ.
ಅದರ ಹಿಂದೆ ಕೊಳಗ.
ಒಂದಲ್ಲ, ಎರಡು.

ಮನೆಯಲ್ಲಿ ನಾವು ಉಂಡು ಬೆಳೆದ ಕತೆ ಇದು:
ಒಡೆಯರ ಕೊಳಗಕ್ಕೆ ಹೆಸರು ಮೂರು ಸೇರು,
ಹೊಟ್ಟೆ ಎಷ್ಟೆಂದು ಕೇಳಿದವರಿಲ್ಲ.
ಅಳೆಯುವಾಗ ಒಂದು ಅನ್ನಬಾರದು, ಲಾಭ ಅನ್ನಬೇಕು,
ಲಾಭ, ಎರಡು, ಮೂರು...
"ಯಾರಿಗೆ?" ಎಂದನಂತೆ ಅಜ್ಜ, ಕಣದ ನಡುವೆ ನಿಂತು.
ಅಷ್ಟೇ ಅವನ ಅಪರಾಧ.
ಆಮೇಲೆ ನೇಗಿಲು, ಪೊಲೀಸು, ಶಿವಮೊಗ್ಗದ ಜೈಲು,
ಬೋಳಿಸಿದ ತಲೆಯಲ್ಲಿ ವಾಪಸು ಬಂದವನನ್ನು
ಎಮ್ಮೆ ಗುರುತಿಸಲಿಲ್ಲವೆಂದು
ಅಜ್ಜಿ ಕೆರಿಯಮ್ಮ ನಗುತ್ತಿದ್ದಳು.

ನಾನು ಲೆಕ್ಕದ ಟೀಚರು.
ಎರಡನ್ನೂ ಅಂಗಳದಲ್ಲಿಟ್ಟು ನೋಡಿದೆ.
ಅದೇ ಹಲಸಿನ ಮರ, ಅದೇ ಕಬ್ಬಿಣದ ಪಟ್ಟಿ, ಅವಳಿ ಮಕ್ಕಳು.
ಕೈ ಇಳಿಸಿದೆ.
ಒಂದರಲ್ಲಿ ಮಣಿಕಟ್ಟು ಮುಳುಗಿತು.
ಇನ್ನೊಂದರಲ್ಲಿ ಬಳೆ ಹೊರಗೇ ಉಳಿಯಿತು.
ತಳದ ಮೇಲೆ ಇನ್ನೊಂದು ತಳ.
ಬಡಗಿ ಜಾಣ, ಸಂದೇ ಕಾಣದ ಹಾಗೆ ಕೂರಿಸಿದ್ದ.

ಬೈರಜ್ಜಿಯ ಹತ್ತಿರ ಒಯ್ದೆ.
ಕಣ್ಣು ಮಂಜು. ಬೆರಳಲ್ಲಿ ಸವರಿ ಸವರಿ
ಎರಡನೆಯದರ ಮೇಲೆ ಕೈ ನಿಲ್ಲಿಸಿದಳು.
"ಇದು ನಮ್ದು. ನಮ್ಮವ್ವನ ಕೂಲಿ ಇದ್ರಾಗೇ ಅಳೀತಿದ್ರು."
ಸುಮ್ಮನಿದ್ದೆ.
"ನಿಮ್ಮಜ್ಜ ಒಳ್ಳೇರು ಕಣಮ್ಮ.
ಜೈಲಿನ ಕತೆ ಎಷ್ಟು ಚೆಂದ ಹೇಳೋರು,
ಅಳೀತಾ, ಅಳೀತಾ.
ಲಾಭ ಅಂತ್ಲೇ ಶುರು ಮಾಡೋರು."

ಉಳುವವನೇ ಒಡೆಯ ಅಂದಾಗ ನಿಮಗೇನು ಬಂತು, ಕೇಳಿದೆ.
"ಗೇಣಿ ಮಾಡ್ದೋರಿಗೆ ಗದ್ದೆ ಬಂತು.
ನಮಗಿದ್ದದ್ದು ಕೈ. ಕೈಗೆ ನಮೂನೆ ಇರ್ಲಿಲ್ಲ."
ಈಗ ಸೊಸೈಟಿಯ ಮಿಷಿನ್ನು
ಅವಳ ಹೆಬ್ಬೆರಳನ್ನು ಒಪ್ಪುವುದಿಲ್ಲ.
ನಮ್ಮ ಗದ್ದೆಯ ಸಸಿ ಕಿತ್ತು, ನೆಟ್ಟು,
ಗೆರೆ ಪೂರ ಸವೆದಿದೆ.
ಪ್ರತಿ ತಿಂಗಳೂ ಮೂರು ಸಲ ಒತ್ತುತ್ತಾಳೆ,
ಮೂರು ಸಲ ಕೆಂಪು ದೀಪ.

ಸಭೆಗೆ ಎರಡನ್ನೂ ಒಯ್ದೆ.
ಅಧ್ಯಕ್ಷರು ಮೊದಲನೆಯದಕ್ಕೆ ಹಾರ ಹಾಕಿದರು.
ಎರಡನೆಯದರ ಕತೆ ಕೇಳಿ, ಮೆಲ್ಲಗೆ,
"ಇದು ಬೇಡ ಟೀಚರೇ,
ಜನಕ್ಕೆ ಗೊಂದಲ ಆಗುತ್ತೆ. ಈಗ ಕಾಲ ಬೇರೆ ಸರಿಯಿಲ್ಲ."
ಮೈಕು ಕುಯ್ಯೆಂದಿತು.
ಇತಿಹಾಸದಿಂದ ಪಾಠ ಕಲಿಯಬೇಕು ಅಂದರು ಯಾರೋ.
ಚಪ್ಪಾಳೆ. ನಾನೂ ತಟ್ಟಿದೆ.

ತರಗತಿಯಲ್ಲಿ ನಾನು ಬಿಡುವವಳಲ್ಲ.
ಉತ್ತರ ಬಂತು ಮಿಸ್ ಎಂದು ಸ್ಲೇಟು ಎತ್ತಿದ ಮಗುವಿಗೆ
ತಾಳೆ ನೋಡಿದೆಯಾ ಅನ್ನುತ್ತೇನೆ,
ಕೊನೆಯಿಂದ ಮೊದಲಿಗೆ ಹೋಗು, ಅಲ್ಲಿ ಉಳಿದದ್ದೇನು ಹೇಳು.
ಹೋದ ವಾರ ಪಾತ್ರೆ ತೊಳೆಯುವ ಗುಲಾಬಿಗೆ
ಎರಡು ದಿನದ ಜ್ವರ ಕಳೆದು ಸಂಬಳ ಕೊಟ್ಟಿದ್ದೆ.
ಲೆಕ್ಕ ಸರಿಯಾಗಿಯೇ ಇತ್ತು.

ಆನಂದಪುರದ ಬಸ್ಸಿನಲ್ಲಿ
ಬೇಡವಾದ ಕೊಳಗ ತೊಡೆಯ ಮೇಲೆ.
"ಏನಮ್ಮಾ ಇದು, ಹೂವಿನ ಕುಂಡಾನಾ?"
ಕಂಡಕ್ಟರ್ ಬಗ್ಗಿ ಇಣುಕಿದ.
ಚಿಲ್ಲರೆ ಇರಲಿಲ್ಲ ಅವನ ಚೀಲದಲ್ಲಿ.
ಟಿಕೇಟಿನ ಬೆನ್ನಿಗೆ ಪೆನ್ನಲ್ಲಿ ಗೀಚಿ,
ಸುತ್ತ ಒಂದು ಸೊನ್ನೆ ಎಳೆದು ಕೊಟ್ಟ.
"ಬಾಕಿ ಐತೆ. ಇಳಿಯೋ ಮುಂಚೆ ಕೇಳಿ ಇಸ್ಕೊಳಿ.
ಕೇಳ್ದಿದ್ರೆ ನಾನೂ ಮರೀತೀನಿ."